ಶೇಕಡಾ ಹನ್ನೆರಡು

ಹನ್ನೆರಡು ಅಡಿ ಅಗಲ ಅಂದಿದ್ದರು,
ಬೆರಳು ಹನ್ನೆರಡನ್ನೇ ಒತ್ತಿತು.
ಅಕ್ಷರ ಕೂರಿಸುವ ಎಡಿಟರಿನಲ್ಲಿ
ಬಲಗಡೆ, ಮೇಲಿಂದ ಮೂರನೆಯ ಚೌಕ ಅಗಲ.
ಚಿತ್ರ ತಿದ್ದುವ ಎಡಿಟರಿನಲ್ಲಿ
ಅದೇ ಬಲ, ಅದೇ ಮೂರನೆಯ ಚೌಕ,
ಅಗಲ ಮಾತ್ರ ಎಡಕ್ಕೆ ಹೋಗಿ ಕೂತಿದೆ.
ಇಲ್ಲಿರುವುದು ಒಪಾಸಿಟಿ:
ಎಷ್ಟು ಇದ್ದಾರೆ, ಎಷ್ಟು ಇಲ್ಲ
ಎಂಬುದರ ಲೆಕ್ಕ.

ತಗ್ಗಹಳ್ಳಿಯ ಚಿಕ್ಕಮರಿಗೌಡರು
ನೂರರಿಂದ ಹನ್ನೆರಡಕ್ಕೆ ಇಳಿದರು.
ನಾನು ನೋಡಲಿಲ್ಲ.
ಊರ ಹೆಸರಿನ ಒತ್ತು ಕಳಚಿ ಪಕ್ಕಕ್ಕೆ ಬಿದ್ದಿತ್ತು,
ಅದನ್ನು ಎತ್ತಿ ಗಕಾರದ ಕೆಳಗೆ ಸೇರಿಸಲು
ಪರದೆಯ ಒಂದು ಮೂಲೆಗೆ ಇಳಿದುಬಿಟ್ಟಿದ್ದೆ.
ಅಗಲವನ್ನು ಯಂತ್ರದ ಹತ್ತಿರ ಬೋರಲಿಂಗ ಸರಿಮಾಡಿಕೊಂಡ.
ಮುಖ ನೋಡುವುದು ಅವನ ಕೆಲಸವಲ್ಲ.

ಬೆಳಿಗ್ಗೆ ಗುತ್ತಲು ರಸ್ತೆಯ ಫುಟ್‌ಪಾತಿನ ಮೇಲೆ
ಫ್ಲೆಕ್ಸು ಬಿಚ್ಚಿ ಹಾಸಿದಾಗ
ಭಾವಪೂರ್ಣ ಶ್ರದ್ಧಾಂಜಲಿ ಎದ್ದು ಕಾಣುತ್ತಿತ್ತು,
ನಡುವೆ ಪೇಟ ಸುತ್ತಿದ ಒಂದಿಷ್ಟು ಹೊಗೆ.
ಅಳಿಯ ಕೂಗಾಡಿದ. ಕಬ್ಬಿನ ಟ್ರ್ಯಾಕ್ಟರೊಂದು
ದಾರಿ ಸಿಗದೆ ಹಾರನ್ ಒತ್ತುತ್ತಲೇ ಇತ್ತು.
ಹೆಂಡತಿ ಬಗ್ಗಿ, ಸೆರಗಿನಿಂದ ಧೂಳು ಒರೆಸಿ,
ಬಹಳ ಹೊತ್ತು ನೋಡಿದಳು:
“ಬುಡಪ್ಪ, ಇದ್ದಾಗ್ಲೂ ಇಂಗೇ ಅಲ್ವಾ.
ಮನೇಲವ್ರೆ ಅಂದ್ರೆ ಅವ್ರೆ, ಇಲ್ಲ ಅಂದ್ರೆ ಇಲ್ಲ.”

ಹೊಸದು ಹೊಡೆದುಕೊಟ್ಟೆವು.
ಸಾವಿರದ ನೂರೈವತ್ತು ನನ್ನ ಸಂಬಳದಲ್ಲಿ ಹೋಯಿತು.
ಹಳೆಯದನ್ನೂ ಆಕೆ ಮಡಿಸಿಕೊಂಡಳು,
ಕೊಟ್ಟಿಗೆಗೆ ಆಯ್ತದೆ ಅಂತ.

ಅವತ್ತು ಅಂಗಡಿಯ ಶಟರು ಅರ್ಧ ಎಳೆದು ಕೂತೆ.
ಮೂರು ಎಡಿಟರುಗಳನ್ನು ಮೂವರು ಕಟ್ಟಿರಬೇಕು,
ಆ ಮೂವರು ಒಂದು ದಿನವೂ
ಒಟ್ಟಿಗೆ ಟೀ ಕುಡಿದವರಲ್ಲ.
ಇಲ್ಲದಿದ್ದರೆ ಪದರಗಳ ಪಟ್ಟಿ
ಒಂದರಲ್ಲಿ ಬಲಕ್ಕೆ, ಒಂದರಲ್ಲಿ ಎಡಕ್ಕೆ,
ವಿಡಿಯೊದಲ್ಲಿ ಹೊಸ್ತಿಲಂತೆ ಕೆಳಗೆ ಯಾಕೆ?
ಹಿಡಿದು ಎಳೆದರೆ ನೀಲಿಗೆರೆಯೊಂದು ಮಿನುಗಿ
‘ಇಲ್ಲೇ ತಾನೆ?’ ಎನ್ನುತ್ತದೆ,
ಕೈ ಬಿಟ್ಟರೆ ಎದುರು ಅಂಚಿಗೆ ಹೋಗಿ ಅಂಟುತ್ತದೆ.
ಹತ್ತು ಸಲ. ಹದಿನೈದು ಸಲ.
ಹನ್ನೊಂದೂವರೆಗೆ ಮೂರೂ ಒಂದೇ ಸಾಲಿಗೆ ಬಂದವು:
ಸಲಕರಣೆ ಎಡಕ್ಕೆ, ಅಳತೆ ಬಲಕ್ಕೆ, ಪದರ ಅದರ ಕೆಳಗೆ.
‘ಒಂದೇ’ ಎಂದು ಹೆಸರಿಟ್ಟು ಉಳಿಸಿದೆ.
ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಏಳು ಗಂಟೆಗೆ ಜಬೀನಾಳ ಫೋನು.
ನಮ್ಮಿಬ್ಬರಿಗೂ ಒಂದೇ ಯಂತ್ರ, ಒಂದೇ ಕುರ್ಚಿ;
ಅವಳು ಬೆಳಿಗ್ಗೆ ಕುರ್ಚಿ ಏರಿಸುತ್ತಾಳೆ,
ನಾನು ಮಧ್ಯಾಹ್ನ ಇಳಿಸುತ್ತೇನೆ.
“ಅಕ್ಕಾ, ಏನು ಮಾಡಿಟ್ಟಿದೀರಿ?
ಪಟ್ಟಿ ಎಡಕ್ಕಿದ್ರೆ ಚಿತ್ರ, ಕೆಳಗಿದ್ರೆ ವಿಡಿಯೊ,
ಅದನ್ನ ನೋಡೇ ಅಲ್ವಾ ನಾನು
ಎಲ್ಲಿದೀನಿ ಅಂತ ತಿಳ್ಕೊಳ್ತಿದ್ದುದು?
ಈಗ ಮೂರು ಮನೆಗೂ ಒಂದೇ ಬಾಗಿಲು.
ಯಾರದೋ ನಾಮಕರಣದ ವಿಡಿಯೊನ
ಫೋಟೊ ಅನ್ಕೊಂಡು ಕತ್ತರಿಸಿಬಿಟ್ಟೆ.”

ನನ್ನ ಕೈ ಕುರುಡಾಗಿ ನಡೆಯಬೇಕೆಂದುಕೊಂಡೆ,
ಅವಳ ಕಣ್ಣು ದಾರಿ ತಪ್ಪಿತು.
ಇದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ,
ಸಾಫ್ಟ್‌ವೇರಿನ ಯಾವ ಮೆನುವಿನಲ್ಲೂ ಇರಲಿಲ್ಲ.

ಎರಡು ಗಂಟೆಗೆ ಪಾಳಿ ಬದಲಾಗುವಾಗ
ಇಬ್ಬರೂ ಒಂದೇ ಕುರ್ಚಿಯ ತುದಿಗೆ ಕೂತೆವು.
ಪಟ್ಟಿಗಳು ನೀವಿಟ್ಟಲ್ಲೇ ಇರಲಿ, ಅಂದಳು,
ಹಿನ್ನೆಲೆಯ ಬಣ್ಣ ಮಾತ್ರ ನನ್ನದು.
ಚಿತ್ರಕ್ಕೆ ಸ್ಲೇಟಿನ ಬೂದಿ, ಅಕ್ಷರಕ್ಕೆ ಮಜ್ಜಿಗೆ ಬಿಳಿ,
ವಿಡಿಯೊಗೆ ಬದನೆಕಾಯಿ.
ನನಗೆ ಆ ಬದನೆಕಾಯಿ ಇವತ್ತಿಗೂ ಹಿಡಿಸಿಲ್ಲ.

ಹೊರಡುವ ಮುಂಚೆ
ಬ್ಯಾಗಿನಿಂದ ಉಗುರುಬಣ್ಣದ ಶೀಸೆ ತೆಗೆದು
ಮಾನಿಟರಿನ ಚೌಕಟ್ಟಿಗೆ, ಒಪಾಸಿಟಿಯ ನೇರಕ್ಕೆ
ಒಂದು ಕೆಂಪು ಚುಕ್ಕೆ ಇಟ್ಟು ಊದಿದಳು:
“ಇಲ್ಲಿ ಯಾರೋ ಇರ್ತಾರೆ.
ನೋಡಿ ಒತ್ತಿ.”