ಬೆನ್ನ ಕಡೆಯ ಕೆಲಸ

ಅದೆಲಿನು ತನ್ನ ಕ್ಷೌರದಂಗಡಿಯ ಕನ್ನಡಿ ತಂದ
ಕಂಬಳಿ ಸುತ್ತಿ, ಇಬ್ಬರು ಹುಡುಗರಿಂದ ಹೊರಿಸಿ,
ಕಾಯಿಲೆಯವರನ್ನು ತರುವ ಹಾಗೆ.
ಕೆಳಗಂಚಿನಲ್ಲಿ ಕಪ್ಪು ಹಬ್ಬಿತ್ತು.
ಪೋರ್ತುವಿನಲ್ಲಿ ನದಿ ರಾತ್ರಿ ಮೆಟ್ಟಿಲು ಹತ್ತುತ್ತದೆ,
ಗೋಡೆಯೊಳಗೆ ಕೂತು ಬೆಳ್ಳಿ ತಿನ್ನುತ್ತದೆ.
"ಅಜ್ಜನ ಕಾಲದ್ದು, ಜುಲ್ಮೀರಾ.
ಗಿರಾಕಿಗಳಿಗೆ ಅರ್ಧ ಗಲ್ಲ ಕಾಣುವುದಿಲ್ಲ."

ಮುಂದೆ ನಿಲ್ಲುವವರು ಊರೆಲ್ಲ.
ನನ್ನದು ಬೆನ್ನ ಕಡೆಯ ಕೆಲಸ.
ಮಗುಚಿ ಮಲಗಿಸಿದೆ, ಬಣ್ಣ ಕೆರೆದೆ, ಆಮ್ಲ ಸುರಿದೆ.
ಎಪ್ಪತ್ತು ವರ್ಷದ ಬೆಳ್ಳಿ ಹತ್ತು ನಿಮಿಷಕ್ಕೆ
ಬಾಟಲಿಗಿಳಿಯಿತು. ಚರಂಡಿಗಲ್ಲ, ಅದಕ್ಕೂ ಬೆಲೆಯಿದೆ.
ಉಳಿದದ್ದು ಬರಿಯ ಕಿಟಕಿ:
ಅದರಾಚೆ ಮೇಜಿನ ಮರದ ಗೆರೆ,
ಮಗಳು ಮರೆತುಹೋದ ಪೆನ್ಸಿಲು.

ಆಮೇಲೆ ತೊಳೆ, ತೊಳೆ, ಮತ್ತೂ ತೊಳೆ.
ಒಂದು ಬೆರಳಚ್ಚು ಉಳಿದರೂ ಸಾಕು,
ನಲವತ್ತು ವರ್ಷ ಅದೇ ಬೆರಳು
ಬಂದವರೆಲ್ಲರ ಹಣೆಯ ಮೇಲೆ.
ಗಾಜಿಗೆ ಹಿಡಿತ ಬರಲೆಂದು ತವರದ ಉಪ್ಪಿನ ನೀರು,
ಮೇಲೆ ಬೆಳ್ಳಿಯ ದ್ರಾವಣ,
ಅಮೋನಿಯಾಕ್ಕೆ ಕಣ್ಣೆಲ್ಲ ನೀರು,
ಕೊನೆಗೆ ಸಕ್ಕರೆ. ಹೌದು, ಸಕ್ಕರೆಯೇ.
ನೀರಲ್ಲಿ ಕರಗಿ ಕೂತ ಬೆಳ್ಳಿಯನ್ನು
ಗಾಜಿಗೆ ಒಲಿಸಲು ಬೇರೆ ದಾರಿ ನನಗೆ ಗೊತ್ತಿಲ್ಲ.
ಮೊದಲು ಚಹಾದ ಬಣ್ಣ, ಆಮೇಲೆ ಮಸಿ,
ಕೆಟ್ಟೇ ಹೋಯಿತು ಅನ್ನುವಷ್ಟರಲ್ಲಿ
ಛಾವಣಿಯ ಬಲ್ಬು ಕೆಳಗಿನಿಂದ ಹೊತ್ತಿಕೊಂಡಿತು.

ತಾಮ್ರ ಹೊದಿಸಿದೆ. ಬಣ್ಣ, ಎರಡು ಕೈ.
ನನ್ನ ಬೆರಳಿಗಂಟಿದ ಬೆಳ್ಳಿ ಮಾತ್ರ
ಬಿಸಿಲು ಕಂಡೊಡನೆ ಕಪ್ಪಾಗುತ್ತದೆ;
ಮೀನಂಗಡಿಯ ಹೆಂಗಸು ಚಿಲ್ಲರೆಯನ್ನು
ಮೇಲಿನಿಂದ ಬೀಳಿಸುತ್ತಾಳೆ.

ಒಯ್ಯುವಾಗ ಹೇಳಿದೆ: ನೀರು ಚಿಮುಕಿಸಬೇಡ,
ಬಟ್ಟೆ ಒದ್ದೆ ಮಾಡು, ಗಾಜನ್ನಲ್ಲ.
ಹನಿ ಇಳಿದು ಅಂಚಲ್ಲಿ ನಿಂತರೆ ಮತ್ತೆ ಶುರು.
ಗೋಡೆಗೂ ಅದಕ್ಕೂ ನಡುವೆ ಕಾರ್ಕಿನ ಬಿಲ್ಲೆ ಇಡು,
ಬೆನ್ನಿಗೂ ಉಸಿರು ಬೇಕು.

ಮೂರು ವಾರಕ್ಕೆ ಬಂದ, ಟೋಪಿ ಕೈಯಲ್ಲಿ.
"ಬೆಲ್ಮೀರು ಅರ್ಧ ಗಡ್ಡಕ್ಕೇ ಎದ್ದುಹೋದ.
ಫೌಶ್ತು ಕಣ್ಣು ಮುಚ್ಚಿಯೇ ಕೂರುತ್ತಾನೆ.
ಎಲ್ಲ ಕಾಣುತ್ತಿದೆ, ಜುಲ್ಮೀರಾ, ಅದೇ ತೊಂದರೆ.
ಸ್ವಲ್ಪ ಮಬ್ಬು ಹಾಕಿಕೊಡಲಾಗುತ್ತದೆಯೆ?"

ಮಬ್ಬು ನಾನು ಮಾಡುವುದಿಲ್ಲ, ಅದು ನದಿಯ ಕಸುಬು.
ಕಾರ್ಕು ತೆಗೆದುಬಿಡು,
ಇಪ್ಪತ್ತು ವರ್ಷ ಕಾಯಿ.

ಅವನು ಬೆರಳು ಮಡಿಚಿ ಗಿರಾಕಿಗಳ ವಯಸ್ಸು ಕೂಡಿಸತೊಡಗಿದ.
ಮುಖ ಇಳಿಯಿತು.

ಸರಿ, ಅಂದೆ,
ಅಲ್ಲಿಯವರೆಗೆ ಬಲ್ಬು ಬದಲಿಸು.
ನಲವತ್ತರದ್ದು ಸಾಕು.