ವಾಲ್ವ್ ಕ್ಲೋಸ್

ಗಿಣಿಗೇರಿ ಫ್ಯಾಕ್ಟರಿ, ಎರಡನೇ ಪಾಳಿ.
ವಾಕಿಟಾಕಿಯಲ್ಲಿ ಶೆನ್ ಅಂದ: ‘ವಾಲ್ವ್ ಕ್ಲೋಸ್.’
ದನಿ ಮೇಲಿಂದ ಕೆಳಗೆ ಬಿತ್ತು,
ಟಿಪ್ಪರಿನಿಂದ ಅದಿರು ಸುರಿದ ಹಾಗೆ.
ಮುಚ್ಚಿದ್ದಾನೆ ಅಂದುಕೊಂಡೆ.
ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದೆ:
ಹುಲಿಗೆಮ್ಮ ಕಬ್ಬೇರ, ಏಳು ಹತ್ತು.

ಅವನು ಕೇಳಿದ್ದನಂತೆ.

ಗ್ಯಾಸಿನ ಗಂಟೆ ಹೊಡೆದುಕೊಂಡಿತು. ಯಾರಿಗೂ ಏನೂ ಆಗಲಿಲ್ಲ,
ಓಡುವಾಗ ಮರ್ದಾನಸಾಬ ಬುತ್ತಿ ಚೆಲ್ಲಿಕೊಂಡ, ಅಷ್ಟೇ.
ಸಾಹೇಬರು ಇಬ್ಬರನ್ನೂ ನಿಲ್ಲಿಸಿ ಅಂದರು:
ಮೊದಲು ಇಂಗ್ಲಿಷ್ ಸರಿಯಾಗಿ ಕಲೀರಿ.

ಕ್ಯಾಂಟೀನಿನ ಹಿಂದೆ, ಚಹಾದ ಗ್ಲಾಸು ತೋರಿಸಿ
ಶೆನ್ ‘ತಾಂಗ್’ ಅಂದ.
ದನಿ ಸಪಾಟು ಹಿಡಿದರೆ ಸಾರು,
ಏರಿಸಿದರೆ ಸಕ್ಕರೆ,
ತಗ್ಗಿಗೆ ಇಳಿಸಿ ಎತ್ತಿದರೆ ಮಲಗು,
ದೊಪ್ಪನೆ ಕೆಡವಿದರೆ ಸುಡುತ್ತದೆ, ಜೋಕೆ.
ಇದು ಸಾಲಿಯಲ್ಲಿ ಕಲಿತದ್ದು.
ಊರಲ್ಲಿ ಇನ್ನೂ ಎರಡು ಹೆಚ್ಚಿಗೆ ಇವೆ,
ಅವ್ವನ ಜೊತೆಗೆ ಮಾತ್ರ.
ಒಂದೊಂದು ಮಾತಿಗೂ ಅದರದೇ ಏರು, ಅದರದೇ ಇಳುಕಲು;
ಪ್ರಶ್ನೆಗಂತ ಬೇರೆ ಏರು ಎಲ್ಲಿಂದ ತರಲಿ?
ಕೊನೆಗೆ ಒಂದು ಸಣ್ಣ ‘ಮಾ’ ಅಂಟಿಸುತ್ತೇವೆ, ಮುಗಿಯಿತು.
ಇಂಗ್ಲಿಷಿಗೆ ಅಂಟಿಸಲು ಏನೂ ಸಿಗಲಿಲ್ಲ ಅವನಿಗೆ.

ನನ್ನ ಇಂಗ್ಲಿಷೂ ಬರಿಗೈಲಿ ಬಂದದ್ದಲ್ಲ.
‘ಪ್ರೆಶರ್ ಹೈರೀ’ ಅಂತೀನಿ, ಕೊನೆ ಜಗ್ಗಿ,
ಬಸ್ಸಿನ ಕಿಟಕಿಯಿಂದ ಬೀಗರನ್ನು ಕೂಗುವ ಹಾಗೆ.
ಅದನ್ನವನು ಪ್ರಶ್ನೆ ಅಂದುಕೊಂಡು
ಮೂರು ತಿಂಗಳು ‘ಯೆಸ್, ಯೆಸ್’ ಅಂದಿದ್ದಾನೆ.

‘ಹೂಂ’ ಅಂದೆ.
ಯಾವ ಹೂಂ, ಅಂತ ಡೈರಿ ತೆಗೆದ.
ನಾನು ಎಣಿಸಿರಲೇ ಇಲ್ಲ ಇಷ್ಟು ವರ್ಷ.
ಒಪ್ಪಿದೆ ಅನ್ನುವ ಹೂಂ.
ಕತೆ ಕೇಳುತ್ತ ನಿದ್ದೆಗೆ ಜಾರುವ ಹೂಂ.
ನೀ ಹೇಳು, ನಾ ನಂಬ್ತೀನಿ, ಅನ್ನುವ ನಂಬದ ಹೂಂ.
ಒಂದೊಂದರ ತಲೆಯ ಮೇಲೂ ಗೆರೆ ಎಳೆದ;
ಹಾಳೆಯ ತುಂಬ ಕೊಪ್ಪಳದ ಗುಡ್ಡಗಳು.
ನಾಲ್ಕನೆಯದು ಕೇಳಿದ.
ಅದು ನನ್ನ ಗಂಡನ ಜೊತೆಗಿನದು, ಹೇಳಲಿಲ್ಲ.

ಮರುದಿನ, ಅದೇ ಪಾಳಿ. ಗರಗರ ಸದ್ದು.
‘ವಾಲ್ವ್ ಕ್ಲೋಸ್.’
ಬಿತ್ತು ದನಿ, ನಿನ್ನೆ ಬಿದ್ದಲ್ಲೇ.
ಆಮೇಲೆ, ಏನೋ ನೆನಪಾದವನಂತೆ:
‘ವಾಲ್ವ್ ಕ್ಲೋಸಾ?’

ಪೆನ್ನು ಕೆಳಗಿಟ್ಟು
ಎದ್ದು ಹೋಗಿ ನೋಡಿದೆ.