ಅಳತೆ ಪುಸ್ತಕ

ಅರಸೀಕೆರೆ ಸ್ಟೇಷನ್ ರೋಡು, ನಮ್ಮಪ್ಪನ ಕಾಲದ ಅಂಗಡಿ.
ನಾಟಕದ ಕಂಪನಿ ಬಂತೆಂದು ಮೊದಲು ಗೊತ್ತಾಗುತ್ತಿದ್ದುದು ನಮಗೇ:
ಗೂಡ್ಸ್ ಗಾಡಿಯಿಂದ ಪರದೆಗಳು ಇಳಿಯುವ ಮುಂಚೆ
ಹರಿದ ಪೋಷಾಕುಗಳ ಗಂಟು ಇಳಿಯುತ್ತಿತ್ತು ನಮ್ಮ ಜಗಲಿಗೆ.

ಆ ಗಂಟಿನ ಹಿಂದೆ ಒಂದು ಹುಡುಗಿ.
ಹನ್ನೆರಡಿರಬೇಕು,
ರಾಜಕುಮಾರನ ಪಾರ್ಟಿಗೆ ಜರಿ ಅಂಗಿ.
ಕೈ ಎತ್ತು ಮಗಾ, ಅಂದರು ಅಪ್ಪ.
ಎತ್ತಿದಳು, ಪೊಲೀಸರ ಕೈಗೆ ಸಿಕ್ಕವಳ ಹಾಗೆ.
ನಾನು ಬರೆದುಕೊಂಡೆ:
ಬಾಣಾವರದ ತಿಮ್ಮಾಜಿ. ಎದೆ ಇಪ್ಪತ್ತಾರು. ತೋಳು ಹದಿನೇಳು.
ಎಡಭುಜ ಅರ್ಧ ಇಂಚು ತಗ್ಗು.
ಕೊಡ ಹೊತ್ತ ಕಡೆ, ಎಂದರು ಅಪ್ಪ, ಸೂಜಿ ಬಾಯಲ್ಲೇ ಇಟ್ಟುಕೊಂಡು.
ಕೂಲಿಗೆ ಬದಲು ಎರಡು ಪಾಸು ಕೊಟ್ಟರು, ನೆಲದ ಕ್ಲಾಸಿನದು.

ಆರು ವರ್ಷಕ್ಕೆ ಅವಳು ಕುಮಾರಿ ಹೇಮಾಂಗಿನಿ.
ಕೊಬ್ಬರಿ ಮಂಡಿಯ ಹಿಂದೆ ತಗಡಿನ ಥಿಯೇಟರು,
ಗೋಡೆಗೋಡೆಯ ಮೇಲೂ ಕೆಂಪಕ್ಷರದಲ್ಲಿ ಅದೇ ಹೆಸರು.
ನನ್ನ ಪುಸ್ತಕದಲ್ಲಿ ಮಾತ್ರ ತಿಮ್ಮಾಜಿಯೇ.
ಮೂರನೇ ಅಂಕದಲ್ಲಿ ರಾಣಿ ಭಿಕ್ಷುಕಿಯಾಗಬೇಕು,
ಹಾರ್ಮೋನಿಯಂ ಒಂದು ಸುತ್ತು ಬರುವಷ್ಟರಲ್ಲಿ.
ಹುಕ್ಕಿನಿಂದ ಆಗುವ ಕೆಲಸವಲ್ಲ.
ಮೇಲಿನ ಪೋಷಾಕಿನ ಬೆನ್ನಿಗೆ ಒಂದೇ ದಾರ ಇಟ್ಟೆ, ಎಳೆದರೆ ಸಾಕು,
ರಾಜ್ಯಪೂರ್ತಿ ಕಾಲಬಳಿ ಬೀಳುತ್ತಿತ್ತು.
ಸೈಡ್ ವಿಂಗಿನಲ್ಲಿ ನಿಂತು ಆ ದಾರ ಎಳೆದವನು ನಾನೇ,
ನಲವತ್ತೊಂದು ರಾತ್ರಿ.
ಚಪ್ಪಾಳೆ ಅವಳಿಗೆ. ಇರಲಿ. ದಾರ ನನ್ನ ಬೆರಳಿಗೆ.

ಯುಗಾದಿ ಕಳೆದ ಮೇಲೆ ಒಬ್ಬಳೇ ಬಂದಳು.
ಒಂದಿಂಚು ಬಿಚ್ಚಿಕೊಡಿ.
ಬಿಚ್ಚಿದೆ. ತಿಂಗಳಾಯಿತು, ಇನ್ನೊಂದಿಂಚು.
ಒಳಗೆ ಮಡಿಸಿಟ್ಟ ಬಟ್ಟೆ ಮುಗಿದಿತ್ತು, ಪಕ್ಕಕ್ಕೆ ಪಟ್ಟಿ ಕೊಟ್ಟೆ,
ಅದೇ ಬಣ್ಣ ಸಿಗಲಿಲ್ಲ, ಗ್ಯಾಸ್‌ಲೈಟಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ.
ಕಂಪನಿ ಹಾಸನಕ್ಕೆ ಹೋಯಿತು. ದೀಪಾವಳಿಗೆ ತಿರುಗಿ ಬಂದಾಗ
ಪಟ್ಟಿ ತೆಗೆದುಬಿಡಿ, ಅಂದಳು. ಎರಡೂ ಇಂಚು ಒಳಗೆ ಹಾಕಿ.
ಕೈಯಲ್ಲಿ ಕೂಸಿರಲಿಲ್ಲ.
ಕೇಳಲಿಲ್ಲ ನಾನು. ಟೇಪು ಹಿಡಿದವನು ಕೇಳಬಾರದು.
ಪುಸ್ತಕದಲ್ಲಿ ಹಳೆಯ ಸಂಖ್ಯೆಯನ್ನೇ ಮತ್ತೆ ಬರೆದೆ.
ಆ ರಾತ್ರಿ ಭಿಕ್ಷುಕಿಯ ಅಳು ಜಾಸ್ತಿಯಾಗಿ
ಪರದೆ ಬೀಳುವುದು ತಡವಾಯಿತೆಂದು ಮಾಲೀಕರು ಬೈದರಂತೆ.

ಆಮೇಲೆ ಮದರಾಸು.
ಸಿನಿಮಾದವರು ಹೆಸರಿಗೂ ಕತ್ತರಿ ಹಾಕಿದರು, ಬರೀ ಹೇಮಾ.
ಮೊದಲೆರಡರಲ್ಲಿ ನಾಯಕಿಯ ಗೆಳತಿ,
ಮೂವತ್ತಮೂರಕ್ಕೇ ನಾಯಕನ ತಾಯಿ.
ಮಗ ಅವಳಿಗಿಂತ ನಾಲ್ಕು ವರ್ಷ ದೊಡ್ಡವನು.
ನಮ್ಮೂರ ಟಾಕೀಸಿನಲ್ಲಿ ನೋಡಿದೆ. ಬಿಳಿ ಸೀರೆ, ಕೆಮ್ಮು,
ಮಗನಿಗೆ ಉಳಿಸಿದ ಗಂಜಿ. ಊರಿಗೆ ಊರೇ ಅತ್ತಿತು.
ನಾನು ಮಾತ್ರ ಕೂತಲ್ಲೇ ಕುದಿಯುತ್ತಿದ್ದೆ:
ಎಡಭುಜ ಜಾರುತ್ತಿದೆ! ಯಾವನೋ ಪುಣ್ಯಾತ್ಮ
ಎರಡು ಕಡೆಗೂ ಒಂದೇ ಅಳತೆ ಹಿಡಿದಿದ್ದಾನೆ.
ಸಾಯುವ ಸೀನಿನಲ್ಲೂ ಅವಳು ಅದನ್ನು ಮೇಲೆಳೆದುಕೊಂಡಳು,
ಒಂದೇ ಸಲ, ಬೇಗ.
ಅದು ನಟನೆಯಲ್ಲ.
ಎಪ್ಪತ್ತು ಚಿಲ್ಲರೆ ಸಲ ಸತ್ತಳು. ಅಷ್ಟರಲ್ಲೂ ಅದೇ ಭುಜ.

ಹೋದ ತಿಂಗಳು ಅಂಗಡಿ ಮುಂದೆ ಆಟೋ ನಿಂತಿತು.
ಹಾಸನದಲ್ಲಿ ಸನ್ಮಾನವಂತೆ, ಶನಿವಾರ. ಒಂದು ರವಿಕೆ ಆಗಬೇಕು.
ಸೂಜಿಗೆ ದಾರ ಈಗ ಮೊಮ್ಮಗಳು ಪೋಣಿಸುತ್ತಾಳೆ.
ಕೈ ಎತ್ತಿ, ಅಂದೆ. ಎತ್ತಿದಳು. ಬಲಗೈ ಪೂರ್ತಿ ಏಳಲಿಲ್ಲ.
‘ಎಡಗಡೆ...’
‘ಗೊತ್ತು.’
‘ಒಳಗೆ ಒಂದಿಂಚು ಬಟ್ಟೆ ಬಿಟ್ಟಿರಿ.’
ಈ ವಯಸ್ಸಿಗೆ ಯಾಕೆ ಎನ್ನಲು ತೆರೆದ ಬಾಯಿ ಮುಚ್ಚಿದೆ.
ಬಿಟ್ಟೆ. ಎರಡಿಂಚು ಬಿಟ್ಟೆ.

ಸಭೆಯಲ್ಲಿ ಪೇಟ, ಹಾರ, ಹಣ್ಣಿನ ಬುಟ್ಟಿ, ಮೇಲೆ ಶಾಲು.
ರವಿಕೆ ಕಾಣಲೇ ಇಲ್ಲ.
ಅಧ್ಯಕ್ಷರು ಅವಳ ಚಿತ್ರಗಳ ಹೆಸರು ಓದಿದರು,
ಎರಡು ಬೇರೆ ಯಾರದೋ.
ಏಳನೇ ಸಾಲಿನಿಂದ ನಾನು ಶಾಲಿನ ಅಂಚನ್ನೇ ನೋಡುತ್ತಿದ್ದೆ.
ಒಂದೂವರೆ ಗಂಟೆ.
ಅವಳು ಒಮ್ಮೆಯೂ ಭುಜ ಎಳೆದುಕೊಳ್ಳಲಿಲ್ಲ.